ಮೇಷ್ಟ್ರ ಬಾಯಿ ಕಾಣುವುದಿಲ್ಲ

ನ್ಯಾಮತಿ
14 ಜೂನ್ 1943

ಮುಖ್ಯೋಪಾಧ್ಯಾಯರು, ಪೇಟೆ ಬೀದಿ ಶಾಲೆ, ಚನ್ನಗಿರಿ ಇವರಿಗೆ.

ಮಾನ್ಯರೇ,

ನಮ್ಮ ಮಕ್ಕಳ ಹಿತಚಿಂತನಾ ಸಂಘದ ಪಟ್ಟಿಯಲ್ಲಿರುವ ದುರುಗಮ್ಮ ಎಂಬ ಹತ್ತು ವರ್ಷದ ಹುಡುಗಿ ಈ ವಾರ ನಿಮ್ಮ ಶಾಲೆಯ ಮೂರನೆಯ ತರಗತಿಗೆ ಸೇರಲು ಬರುತ್ತಾಳೆ. ಆರನೆಯ ವಯಸ್ಸಿನಲ್ಲಿ ಜ್ವರ ಬಂದು ಅವಳ ಎರಡೂ ಕಿವಿ ಹೋಗಿವೆ. ಮಾತು ಉಳಿದಿದೆ. ಏರಿಳಿತವಿಲ್ಲದೆ, ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತಾಳೆ. ಎದುರಿಗಿರುವವರ ತುಟಿ ನೋಡಿ ಅವರ ಮಾತು ತಿಳಿದುಕೊಳ್ಳುತ್ತಾಳೆ. ಇದನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ. ತಾನಾಗಿ ಕಲಿತದ್ದನ್ನು ಎರಡು ವರ್ಷ ಇಲ್ಲಿಗೆ ಬಂದಾಗಲೆಲ್ಲ ನಾನು ತಿದ್ದಿದ್ದೇನೆ, ಅಷ್ಟೆ.

ತಂದೆ ಗೋಣೆಪ್ಪ ನಿಮ್ಮೂರಿನ ಅಡಿಕೆ ಮಂಡಿಯಲ್ಲಿ ಗಾಡಿ ಹೊಡೆಯಲು ಸೇರಿದ್ದರಿಂದ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಾನೆ. ತಾಯಿ ಇಲ್ಲ. ಜಗಳೂರು ಕಡೆಯಲ್ಲಿರುವ ಅಜ್ಜಿ ಚೌಡಮ್ಮನಿಗೆ ಮೊಮ್ಮಗಳು ಕುರಿ ಕಾಯಲು ಬೇಕು. ವರ್ಷದ ಇನ್ಸ್‌ಪೆಕ್ಷನ್ನಿನಲ್ಲಿ ಇನ್ಸ್‌ಪೆಕ್ಟರು ಪರೀಕ್ಷೆ ಮಾಡಿ ಹುಡುಗಿಯನ್ನು ನಾಲ್ಕನೆಯ ತರಗತಿಗೆ ಪಾಸು ಮಾಡಿದರೆ ಓದಿಸುವುದು, ಇಲ್ಲದಿದ್ದರೆ ಅಜ್ಜಿಯ ಜೊತೆ ಕಳಿಸುವುದು ಎಂದು ಚೌಡಮ್ಮ, ಅವಳ ಮಗ ಗೋಣೆಪ್ಪ ಮಾತಾಡಿಕೊಂಡಿದ್ದಾರೆ. ಆದ್ದರಿಂದ ಈ ಒಂದು ವರ್ಷ ನಿಮ್ಮ ಕೈಯಲ್ಲಿದೆ.

ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕು. ಮಾತಾಡುವಾಗ ಅವಳ ಕಡೆ ಮುಖ ಮಾಡಬೇಕು. ಬೋರ್ಡಿನ ಕಡೆ ತಿರುಗಿ ಪಾಠ ಹೇಳಬಾರದು. ಇದಕ್ಕೆ ಸಾಮಾನು ಸರಂಜಾಮು ಏನೂ ಬೇಡ.

ಸಾವಂತ್ರಮ್ಮ
ಸಂದರ್ಶಕಿ, ಮಕ್ಕಳ ಹಿತಚಿಂತನಾ ಸಂಘ


ಚನ್ನಗಿರಿ
22 ಜೂನ್ 1943

ಸಂದರ್ಶಕಿಯವರಿಗೆ,

ನನಗೆ ಸಾವಂತ್ರಮ್ಮ ಎಂಬ ಒಬ್ಬಳೇ ಮಗಳಿದ್ದಾಳೆ. ಗಂಡ ಹೋದ ಮೇಲೆ ನಾಲ್ಕು ವರ್ಷ ನನ್ನ ಮನೆಯಲ್ಲಿದ್ದಳು. ತಾಯಿಯ ಮಣ್ಣು ಮುಗಿದ ತಿಂಗಳಿಗೆ, ನಾನು ನೋಡಿದ್ದ ಎರಡನೆಯ ಸಂಬಂಧವನ್ನೂ ಒಲ್ಲೆ ಎಂದು ಟ್ರಂಕು ಹೊತ್ತುಕೊಂಡು ಹೊರಟಳು. ಮೈಸೂರಿನಲ್ಲಿ ಆರು ತಿಂಗಳು ತರಬೇತಿಯಂತೆ, ಆಮೇಲೆ ನೌಕರಿಯಂತೆ. ಅದೆಲ್ಲ ನನಗೆ ಊರವರ ಬಾಯಿಂದ ತಿಳಿದದ್ದು. ಮೂರು ವರ್ಷದ ಮೇಲೆ ಅವಳಿಂದ ಬಂದ ಮೊದಲ ಕಾಗದದ ಮೇಲೆ ರಬ್ಬರ್ ಸ್ಟಾಂಪು ಇದೆ. ಇಂಥ ಕಾಗದಕ್ಕೆ ಆಶೀರ್ವಾದ ಬರೆಯುವುದು ಹೇಗೆಂದು ನನ್ನ ಮೂವತ್ತು ವರ್ಷದ ಸರ್ವೀಸಿನಲ್ಲಿ ಯಾರೂ ಹೇಳಿಕೊಟ್ಟಿಲ್ಲ.

ಇನ್ನು ನಿಮ್ಮ ಹುಡುಗಿಯ ವಿಷಯ. ಒಂದು ಕೋಣೆಯಲ್ಲಿ ಎರಡು ತರಗತಿ, ಐವತ್ತೆಂಟು ಮಕ್ಕಳು. ಸೀಮೆಸುಣ್ಣವಿಲ್ಲ, ಕಾಗದವಿಲ್ಲ. ಯುದ್ಧ ಎಲ್ಲೋ ನಡೆಯುತ್ತಿದೆ, ನಾನು ಹಳೆಯ ಪ್ರಶ್ನೆಪತ್ರಿಕೆಯ ಬೆನ್ನ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹುಡುಗಿ ಬಂದು ಐದು ದಿನವಾಯಿತು. ಒಂದು ಪ್ರಶ್ನೆಗೂ ಉತ್ತರವಿಲ್ಲ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ನನ್ನ ಮುಖವನ್ನು ಮಾತ್ರ ರೆಪ್ಪೆ ಮಿಟುಕಿಸದೆ ನೋಡುತ್ತಾಳೆ. ಗಟ್ಟಿಯಾಗಿ ಗದರಿದೆ, ಆಗಲೂ ಹಾಗೆಯೇ. ಕಿವಿ ಇಲ್ಲ ಎಂದರೆ ಒಪ್ಪಿಕೊಂಡೆ. ಆದರೆ ಇದು ಸೊಕ್ಕು. ಅದನ್ನು ನಾನು ಚೆನ್ನಾಗಿ ಬಲ್ಲೆ.

ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲ ಕಡೆ ಬಸ್ಸು ಹತ್ತಿ ಹೋಗುವ ಸಂದರ್ಶಕಿಯವರಿಗೆ ಚನ್ನಗಿರಿಯ ರಸ್ತೆ ಮಾತ್ರ ಗೊತ್ತಿಲ್ಲ, ಇಲ್ಲಿನ ಸಂದರ್ಶನವನ್ನು ಅಂಚೆಯಲ್ಲೇ ಮುಗಿಸುತ್ತಾರೆ. ನೋಡಬೇಕಾದದ್ದನ್ನು ಬಂದು ನೋಡಿ.

ನಾಗೇಂದ್ರಪ್ಪ
ಹೆಡ್ ಮಾಸ್ಟರ್


ಹೊನ್ನಾಳಿ
3 ಜುಲೈ 1943

ಅಪ್ಪನವರಿಗೆ ನಮಸ್ಕಾರ.

ಸ್ಟಾಂಪು ಹಾಕಿಲ್ಲ, ನೋಡಿಕೊಳ್ಳಿ.

ಇಲ್ಲಿ ಕಾಲು ಬಾರದ ಒಬ್ಬ ಹುಡುಗನಿದ್ದಾನೆ. ಅವನನ್ನು ಶಾಲೆಗೆ ಹೊತ್ತು ತರಲು ಇಬ್ಬರು ದೊಡ್ಡ ಹುಡುಗರನ್ನು ಒಪ್ಪಿಸಿ ಹೋಗಿದ್ದೆ. ಈ ಸಲ ಬಂದು ನೋಡಿದರೆ ಅವನನ್ನು ದಿನವೂ ಹೊತ್ತು ತರುತ್ತಾರೆ, ಆದರೆ ಜಗಲಿಯ ಮೇಲೆ ಇಳಿಸಿ ಒಳಗೆ ಹೋಗಿಬಿಡುತ್ತಾರೆ. ಯಾಕೆ ಎಂದರೆ, "ನೀವು ಸಾಲಿತಂಕ ಅಂದಿದ್ರಿ, ಒಳಗೆ ಅಂದಿರ್ಲಿಲ್ಲ" ಎಂದರು. ನನ್ನ ಕೆಲಸ ಇಂಥದ್ದು. ಯಾವ ಊರಿಗೆ ಹೋದರೂ ನನ್ನನ್ನು ಇನ್ಸ್‌ಪೆಕ್ಟರೆಂದು ತಿಳಿದು ಚಹಾ ಕೊಡುತ್ತಾರೆ, ನಾನು ನೋಡಲು ಬಂದ ಮಗುವನ್ನೇ ಹಿತ್ತಲಿಗೆ ಕಳಿಸಿರುತ್ತಾರೆ.

ದುರುಗಮ್ಮನಿಂದ ಒಂದು ಕಾರ್ಡು ಬಂದಿದೆ. ಅವಳು ಬರೆದದ್ದನ್ನು ಹಾಗೆಯೇ ಇಳಿಸುತ್ತೇನೆ: "ಅಕ್ಕಾರೆ, ಮೇಷ್ಟ್ರ ಬಾಯಿ ಕಾಣಲ್ಲ. ಮೇಲೆ ಮೀಸೆ ಐತೆ. ಒಳಗೆ ಎಲೆಅಡಿಕೆ ಐತೆ. ಈ ಊರಾಗೆ ಎಲ್ಲಾರ ಬಾಯಾಗೂ ಎಲೆಅಡಿಕೆ ಐತೆ. ನಂಗೆ ಯಾರೂ ತಿಳಿಯಾಕಿಲ್ಲ."

ಈಗ ಗೊತ್ತಾಯಿತೇ? ಅವಳು ನಿಮ್ಮ ಮುಖ ನೋಡುತ್ತಿದ್ದದ್ದು ಸೊಕ್ಕಿನಿಂದಲ್ಲ, ನಿಮ್ಮ ತುಟಿ ಹುಡುಕುತ್ತಿದ್ದಳು. ಗಟ್ಟಿಯಾಗಿ ಗದರಿದರೆ ಅವಳಿಗೆ ಏನೂ ಆಗುವುದಿಲ್ಲ, ನಿಮ್ಮ ಗಂಟಲು ಕೆಡುತ್ತದೆ. ತರಗತಿಯಲ್ಲಿ ಎಲೆಅಡಿಕೆ ಬಿಡಿ. ಮೀಸೆಯನ್ನು ತುಟಿ ಕಾಣುವಷ್ಟು ಕತ್ತರಿಸಿಕೊಳ್ಳಿ. ಇನ್ಸ್‌ಪೆಕ್ಷನ್ನಿಗೆ ಏಳು ತಿಂಗಳು ಮಾತ್ರ ಇದೆ.

ಸಾವಂತ್ರಿ


ಚನ್ನಗಿರಿ
11 ಜುಲೈ 1943

ಚಿ. ಸಾವಂತ್ರಮ್ಮನಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಎರಡು ಸಲ ಓದಿದೆ, ನಾನೇ ತಪ್ಪು ಓದಿದೆನೇನೋ ಎಂದು. ಹತ್ತೊಂಬತ್ತನೆಯ ವಯಸ್ಸಿನಿಂದ ಈ ಮೀಸೆ ನನ್ನ ಮುಖದ ಮೇಲಿದೆ. ಇದನ್ನು ನೋಡಿಯೇ ಮಕ್ಕಳು ಹೆದರುವುದು. ಬೆತ್ತಕ್ಕೆ ಹೆದರುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಮೂರನೆಯ ತರಗತಿಯ ಹುಡುಗಿಯೊಬ್ಬಳು ಹೇಳಿದಳೆಂದು ಹೆಡ್ ಮಾಸ್ಟರು ಮೀಸೆ ಕತ್ತರಿಸಿದರೆ ನಾಳೆ ಇನ್ನೊಬ್ಬ ನನ್ನ ಮೂಗು ಅಡ್ಡ ಬರುತ್ತದೆ ಎನ್ನುತ್ತಾನೆ.

ಎಲೆಅಡಿಕೆ ಬಿಡಬೇಕಂತೆ. ನೀನು ಈ ಊರಲ್ಲೇ ಹುಟ್ಟಿದವಳಲ್ಲವೇ? ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ಮರುಳಸಿದ್ದಪ್ಪನ ಮಂಡಿ. ಶಾಲೆಯ ಕಟ್ಟಡ ಅವನದು. ಅವನು ತಟ್ಟೆ ಮುಂದೆ ಮಾಡಿದಾಗ ಒಲ್ಲೆ ಎಂದರೆ, ಅವನ ಅಡಿಕೆಯಲ್ಲಿ ಹುಳ ಇದೆ ಎಂದ ಹಾಗೆ. ಆಮೇಲೆ ಸೂರು ಸೋರಿದರೆ ಹೆಂಚು ಕೊಡುವವರು ಯಾರು, ನಿನ್ನ ಸಂಘವೇ?

ಹುಡುಗಿಯನ್ನು ಮುಂದೆ ಕೂರಿಸಿದ್ದೇನೆ, ಅಷ್ಟು ಸಾಕು. ಓಗೊಡದೆ ಮುಖ ನೋಡುತ್ತ ಕೂರುವ ಜನರ ಜೊತೆ ಏಗುವುದು ನನಗೆ ಹೊಸದಲ್ಲ. ನಿಮ್ಮವ್ವನೂ ಕಡೆಗಾಲದಲ್ಲಿ ಹೀಗೆಯೇ ಮಾಡಿದಳು. ನೀರು ಕೇಳಿದರೆ ಸುಮ್ಮನೆ, ಊಟ ಬಡಿಸು ಎಂದರೆ ಸುಮ್ಮನೆ, ಕೂಗಿದರೆ ಬಂದು ನಿಂತು ಮುಖ ನೋಡುವುದು. ಮಗಳು ಮುಂಡೆಯಾದದ್ದಕ್ಕೆ ನನ್ನ ಮೇಲೆ ಅವಳಿಗೆ ಸಿಟ್ಟು, ನಾನೇ ತಂದ ಗಂಡಲ್ಲವೇ. ಆ ಸೊಕ್ಕಿಗೆ ನಾನೂ ಕೊನೆಯ ಎರಡು ವರ್ಷ ಮಾತು ಬಿಟ್ಟೆ. ಈಗ ಶಾಲೆಯಲ್ಲೂ ಅದನ್ನೇ ನೋಡು ಎಂದರೆ ನನ್ನಿಂದ ಆಗದು.

ನಾಗೇಂದ್ರಪ್ಪ


ಜಗಳೂರು
30 ಜುಲೈ 1943

ಅಪ್ಪಾ,

ಇದನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇಲ್ಲಿಯೂ ಕಾಗದಕ್ಕೆ ಬರ, ಇನ್ನು ಹರಿಯುವುದಿಲ್ಲ.

ಅವ್ವನಿಗೆ ಕಿವಿ ಕೇಳುತ್ತಿರಲಿಲ್ಲ.

ನಾನು ತವರಿಗೆ ಬಂದ ಮೊದಲ ವರ್ಷವೇ ಗೊತ್ತಾಯಿತು. ಹಾಲು ಉಕ್ಕಿ ಒಲೆ ಆರಿದರೂ ಅವ್ವ ಒಲೆಗೆ ಬೆನ್ನು ಹಾಕಿ ಹೊಸಿಲಲ್ಲೇ ಅಕ್ಕಿ ಆರಿಸುತ್ತ ಕೂತಿದ್ದಳು. ಮೊದಲು ಒಂದು ಕಿವಿ, ಆಮೇಲೆ ಇನ್ನೊಂದು. ನನ್ನ ಜೊತೆ ಮಾತಾಡುವಾಗ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ನಿಮ್ಮ ಗದ್ದ ಹಿಡಿಯುವ ಧೈರ್ಯ ಅವಳಿಗಿರಲಿಲ್ಲ. ನೀವು ಬಾಯಿ ತುಂಬ ಎಲೆ ಹಾಕಿಕೊಂಡು, ಪುಸ್ತಕ ನೋಡುತ್ತ, ಬೆನ್ನು ಹಾಕಿಕೊಂಡು ನೀರು ಕೇಳುತ್ತಿದ್ದಿರಿ. ಅವಳು ಎದುರಿಗೆ ಬಂದು ನಿಂತು ನಿಮ್ಮ ಮುಖ ನೋಡುತ್ತಿದ್ದದ್ದು ಇನ್ನೊಂದು ಸಲ ಹೇಳಲಿ ಎಂದು. ನೀವು ಹೇಳಲಿಲ್ಲ, ಬೈದಿರಿ. ಆಮೇಲೆ ಬೈಯುವುದನ್ನೂ ಬಿಟ್ಟಿರಿ.

"ಸೊಕ್ಕಿನೋಳು ಅಂತ್ಲೇ ಅನ್ಲಿ ಬಿಡು, ಕೆಪ್ಪಿ ಅನ್ನೋದು ಬ್ಯಾಡ. ನಿಮ್ಮಪ್ಪಗೆ ಹೇಳಬ್ಯಾಡ" ಎಂದು ಅವ್ವ ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ಅದಕ್ಕೇ ಬಾಯಿ ಕಟ್ಟಿಕೊಂಡಿದ್ದೆ. ನೀವು ಸತ್ತವಳನ್ನು ಇನ್ನೂ ಬೈಯುತ್ತಿದ್ದೀರಿ, ಆ ಆಣೆ ಇನ್ನು ನನಗೆ ಬೇಕಾಗಿಲ್ಲ.

ದುರುಗಮ್ಮನಿಗೆ ಕಲಿಸುವುದಾದರೆ ಕಲಿಸಿ. ಆಗದಿದ್ದರೆ ಈಗಲೇ ಒಂದು ಸಾಲು ಬರೆಯಿರಿ, ಬೇರೆ ಏನಾದರೂ ದಾರಿ ನೋಡುತ್ತೇನೆ.

ಸಾವಂತ್ರಿ


ಚನ್ನಗಿರಿ
9 ಸೆಪ್ಟೆಂಬರ್ 1943

ಚಿ. ಸಾವಂತ್ರಮ್ಮನಿಗೆ ಆಶೀರ್ವಾದ.

ತರಗತಿಯಲ್ಲಿ ಎಲೆಅಡಿಕೆ ನಿಲ್ಲಿಸಿದ್ದೇನೆ. ನಿನ್ನ ಕಾಗದಕ್ಕಾಗಿ ಅಲ್ಲ, ದವಡೆ ಹಲ್ಲು ನೋಯುತ್ತಿದೆ. ಮರುಳಸಿದ್ದಪ್ಪನಿಗೂ ಹಾಗೆಯೇ ಹೇಳಿದ್ದೇನೆ. ಅವನು ಲವಂಗದ ಎಣ್ಣೆ ಕಳಿಸಿದ್ದಾನೆ, ನೋವಿಲ್ಲದ ಹಲ್ಲಿಗೆ ದಿನವೂ ಅವನ ಮುಂದೆ ಹಚ್ಚಿಕೊಳ್ಳಬೇಕಾಗಿದೆ.

ಹುಡುಗಿಗೆ ಮೂರರ ಮಗ್ಗಿಯಿಂದ ಹದಿನಾರರ ಮಗ್ಗಿಯವರೆಗೆ ಬರುತ್ತದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, "ನೀವು ಕೇಳಿದ್ದು ಕಾಣಿಸ್ಲಿಲ್ಲ" ಎನ್ನುತ್ತಾಳೆ. ಉಕ್ತಲೇಖನದಲ್ಲಿ ಇನ್ನೂ ತಪ್ಪು. ಮೀಸೆಯ ಕೆಳಗಿನ ಕೆಲವು ಅಕ್ಷರ ಅವಳಿಗೆ ಸಿಕ್ಕುವುದಿಲ್ಲ. ಭಾನುವಾರ ಮನೆಗೆ ಬಾ ಎಂದು ಹೇಳಿದ್ದೇನೆ. ಬಂದು ನಡುಮನೆಯಲ್ಲಿ ಕೂತು ಬರೆಯುತ್ತಾಳೆ.

ಬೇರೆ ದಾರಿ ನೋಡುವುದು ಬೇಡ.

ನಾಗೇಂದ್ರಪ್ಪ


ನ್ಯಾಮತಿ
20 ಅಕ್ಟೋಬರ್ 1943

ಅಪ್ಪನವರಿಗೆ,

ಏನು ಮಾಡಿಕೊಂಡಿದ್ದೀರಿ? ನಾನು ಸತ್ತಿದ್ದೇನೆ ಎಂದು ಇಲ್ಲಿ ಸುದ್ದಿ.

ನಿನ್ನೆ ಇದ್ದಿಲು ಗ್ಯಾಸಿನ ಬಸ್ಸು ಎರಡು ಕಡೆ ಕೆಟ್ಟು ನಿಂತು, ಮುಖವೆಲ್ಲ ಮಸಿಯಾಗಿ ಇಲ್ಲಿ ಇಳಿದೆ. ಕಿರಾಣಿ ಅಂಗಡಿಯ ರೇವಣ್ಣ ನನ್ನನ್ನು ನೋಡಿದವನೇ ತಕ್ಕಡಿ ಬಿಟ್ಟು ಒಳಗೆ ಓಡಿದ. ಆಮೇಲೆ ಅವನ ಹೆಂಡತಿ ಬಾಗಿಲ ಸಂದಿಯಿಂದ, "ಸಾವಂತ್ರಕ್ಕ, ನೀನೇ ಏನೇ?" ಎಂದು ಕೇಳಿದಳು. ಚನ್ನಗಿರಿಯಿಂದ ಬಂದ ಅಡಿಕೆ ಗಾಡಿಯವರು ಹೇಳಿದರಂತೆ: ನಾಗೇಂದ್ರಪ್ಪ ಮೇಷ್ಟ್ರ ಮಗಳು ಜಗಳೂರಲ್ಲಿ ಹೋದಳು, ಮೇಷ್ಟ್ರು ಮೀಸೆ ತೆಗೆಸಿದ್ದಾರೆ. ಇಲ್ಲಿನ ಶಾಲೆಯವರು ನನಗಾಗಿ ಅರ್ಧ ದಿನ ರಜ ಕೊಟ್ಟು ಮಕ್ಕಳನ್ನು ಮನೆಗೆ ಕಳಿಸಿದ್ದಾರೆ. ನಾನು ಬದುಕಿದ್ದಾಗ ಒಂದು ಬೆಂಚು ಮುಂದೆ ಸರಿಸಲು ಒಪ್ಪದ ಮಾಸ್ತರು ನನ್ನ ಗುಣಗಾನ ಮಾಡಿ ಭಾಷಣ ಮಾಡಿದರಂತೆ. ಆ ಭಾಷಣವನ್ನು ಬರೆದು ಕೊಡಿ, ಸಂಘಕ್ಕೆ ಕಳಿಸಬೇಕು ಎಂದು ಕೇಳಿದ್ದೇನೆ.

ಕೂಡಲೇ ಬರೆಯಿರಿ. ನಿಜವಾಗಿ ತೆಗೆಸಿದಿರಾ?

ಸಾವಂತ್ರಿ


ಚನ್ನಗಿರಿ
27 ಅಕ್ಟೋಬರ್ 1943

ಚಿ. ಸಾವಂತ್ರಮ್ಮನಿಗೆ ಆಶೀರ್ವಾದ. ನೂರು ವರ್ಷ ಬಾಳು, ಊರವರ ಬಾಯಿ ಮುಚ್ಚಿಸಲಾದರೂ.

ನಿಜ. ತೆಗೆಸಿದೆ. ಕತ್ತರಿಸಿ ನೋಡಿದೆ, ಸಾಲಲಿಲ್ಲ. ಹುಡುಗಿ ಉಕ್ತಲೇಖನದಲ್ಲಿ ಮೂವತ್ತಕ್ಕೆ ಹದಿನೆಂಟು ಬರೆದಳು. ದಸರೆಯ ರಜೆಯಲ್ಲಿ ಕ್ಷೌರದ ಜುಂಜಪ್ಪನನ್ನು ಕರೆಸಿ, ಪೂರ್ತಿ ತೆಗೆ ಎಂದೆ. ಅವನ ಕೈಯಲ್ಲಿ ಕತ್ತಿ ನಿಂತುಬಿಟ್ಟಿತು.

"ಯಾರ್ ಹೋದ್ರು ಸ್ವಾಮಿ?"

"ಯಾರೂ ಹೋಗಿಲ್ಲ. ತೆಗಿ."

ಅವನು ಕಣ್ಣೊರೆಸಿಕೊಂಡು ಕತ್ತಿ ಆಡಿಸಿದ. ನಮ್ಮಲ್ಲಿ ಹಿರಿಯರು ಹೋದ ಹೊರತು ಮೀಸೆಗೆ ಕತ್ತಿ ತಾಗುವುದಿಲ್ಲವಲ್ಲ. ನನಗೆ ಹಿರಿಯರು ಯಾರೂ ಉಳಿದಿಲ್ಲ. ಇರುವವಳು ನೀನೊಬ್ಬಳು. ಜುಂಜಪ್ಪ ತನ್ನಷ್ಟಕ್ಕೆ ಲೆಕ್ಕ ಹಾಕಿ ಮಧ್ಯಾಹ್ನದೊಳಗೆ ಪೇಟೆಯಲ್ಲೆಲ್ಲ ಹೇಳಿ ಬಂದ. ಸಂಜೆ ಹೊತ್ತಿಗೆ ಜಗಲಿ ತುಂಬ ಜನ. ಮಗಳು ಬದುಕಿದ್ದಾಳೆ ಎಂದರೆ, "ಪಾಪ, ನಂಬಾಕೆ ಆಗ್ತಿಲ್ಲ ಅವರಿಗೆ" ಎಂದು ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತಾರೆ. ಪಾಠ ಹೇಳಲು ತೆಗೆಸಿದೆ ಎಂದರೆ ಅಳು ಇನ್ನೂ ಜಾಸ್ತಿಯಾಯಿತು, ಮೇಷ್ಟ್ರಿಗೆ ತಲೆ ಕೆಟ್ಟಿತೆಂದು. ನಿನ್ನ ಹಿಂದಿನ ಕಾಗದದ ತಾರೀಖನ್ನು ತೋರಿಸಿದೆ. ಮರುಳಸಿದ್ದಪ್ಪ ಅದನ್ನು ತಿರುಗಿಸಿ ನೋಡಿ, ಇದು ಹೋಗುವುದಕ್ಕೆ ಮೊದಲು ಬರೆದದ್ದು ಎಂದ. ಮೂರು ದಿನ ನಾಲ್ಕು ಮನೆಯವರು ಊಟ ಕಳಿಸಿದರು. ತಿಂದೆ, ಏನು ಮಾಡಲಿ.

ಶಾಲೆ ತೆಗೆದ ದಿನ ನನ್ನ ಮುಖ ನೋಡಿ ನಕ್ಕವಳು ದುರುಗಮ್ಮ ಒಬ್ಬಳೇ. ಆಮೇಲೆ ನಾನು ಮಾತಾಡಿದೆ. ನಗು ನಿಲ್ಲಿಸಿ ಹಲಗೆ ತೆಗೆದುಕೊಂಡಳು. ಮೂವತ್ತಕ್ಕೆ ಇಪ್ಪತ್ತೊಂಬತ್ತು.

ಕನ್ನಡಿ ನೋಡಿದರೆ ನನಗೆ ನಾನೇ ಪರಕೀಯ. ನಿನ್ನ ಸಂಘದವರಿಗೆ ಇದನ್ನೂ ವರದಿಯಲ್ಲಿ ಬರೆ.

ನಾಗೇಂದ್ರಪ್ಪ


ಜಗಳೂರು
18 ಜನವರಿ 1944

ಅಪ್ಪನವರಿಗೆ ನಮಸ್ಕಾರ.

ಇನ್ಸ್‌ಪೆಕ್ಷನ್ ಹತ್ತಿರ ಬಂತು. ದುರುಗಮ್ಮನನ್ನು ಎದುರಿಗೆ ನಿಂತು ಪರೀಕ್ಷೆ ಮಾಡಬೇಕೆಂದು ಸಂಘದಿಂದ ಇನ್ಸ್‌ಪೆಕ್ಟರರಿಗೆ ಮೂರು ಪತ್ರ ಹೋಗಿವೆ. ಮೊದಲನೆಯದು ಸಿಗಲಿಲ್ಲ ಎಂದರು. ಎರಡನೆಯದಕ್ಕೆ, ಕಿವುಡರು ನಮ್ಮ ಇಲಾಖೆಗೆ ಬರುವುದಿಲ್ಲ, ಆಸ್ಪತ್ರೆಗೆ ಬರೆಯಿರಿ ಎಂದು ಉತ್ತರ. ಮೂರನೆಯದಕ್ಕೆ ಉತ್ತರವೇ ಇಲ್ಲ. ನೀವೇ ಬಾಯಿಬಿಟ್ಟು ಹೇಳಬೇಕಾಗುತ್ತದೆ.

ನಿನ್ನೆ ಚೌಡಮ್ಮ ನಾನಿರುವ ಮನೆ ಹುಡುಕಿಕೊಂಡು ಬಂದಿದ್ದಳು. ಹೊಸಿಲ ಹೊರಗೇ ಕೂತಳು.

"ಕುರಿ ಮರಿ ಹಾಕ್ಯಾವೆ, ನನ್ನ ಕೈಲಿ ಓಡಾಡಾಕೆ ಆಗಲ್ಲ. ಪರೀಕ್ಷೆ ದಿನ ಚನ್ನಗಿರಿಗೆ ಹೋಗಿ ಹುಡುಗೀನ ಕರ್ಕಂಡು ಬರ್ತೀನಿ" ಎಂದಳು.

"ಪಾಸಾದರೆ?" ಎಂದೆ.

"ಪಾಸಾದ್ರೆ ಕಿವಿ ಬರ್ತೈತೇನವ್ವಾ? ನಾನು ಸತ್ ಮ್ಯಾಲೆ ಅವಳನ್ನ ಯಾರು ನೋಡ್ತಾರೆ? ಅಪ್ಪ ನಾಳೆ ಇನ್ನೊಬ್ಬಳ್ನ ಕಟ್ಕೊಂತಾನೆ. ಇಪ್ಪತ್ತು ಕುರಿ ಕೈಗೆ ಹಾಕಿದ್ರೆ ಅವು ಬೈಯಲ್ಲ, ನಗಲ್ಲ."

ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಕೂತಿದ್ದೆ, ಆಗಲಿಲ್ಲ. ಆ ಹುಡುಗಿಯ ಮುಂದಿನ ದಿನಗಳ ಬಗ್ಗೆ ನನ್ನ ಹಾಗೆ ಯೋಚನೆ ಮಾಡಿದವಳು ಅವಳೊಬ್ಬಳೇ. ಆದರೂ ಕಳಿಸಬೇಡಿ ಅಪ್ಪಾ. ಈಗ ಹೋದರೆ ಅವಳು ಇನ್ನೊಂದು ಪುಸ್ತಕ ಮುಟ್ಟುವುದಿಲ್ಲ. ಮಾತಾಡುವವರು ಯಾರೂ ಇಲ್ಲದೆ, ಈಗ ಉಳಿದಿರುವ ಮಾತೂ ಹೋಗುತ್ತದೆ. ಅಂಥವರನ್ನು ಈ ಸೀಮೆಯಲ್ಲಿ ನಾಲ್ವರನ್ನು ನೋಡಿದ್ದೇನೆ.

ಸಾವಂತ್ರಿ


ಚನ್ನಗಿರಿ
12 ಫೆಬ್ರವರಿ 1944

ಚಿ. ಸಾವಂತ್ರಮ್ಮನಿಗೆ ಆಶೀರ್ವಾದ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಊರವರು ಬೇರೆ ಥರ ಹೇಳುವುದಕ್ಕೆ ಮೊದಲು.

ಇನ್ಸ್‌ಪೆಕ್ಟರು ಹನ್ನೊಂದಕ್ಕೆ ಬಂದರು. ಮರುಳಸಿದ್ದಪ್ಪ ಮಂಡಿಗೆ ಕರೆದೊಯ್ದು ಉಪಚಾರ ಮಾಡಿದ. ಎರಡೂ ದವಡೆಗೆ ಎಲೆ ತುಂಬಿಕೊಂಡು ಶಾಲೆಗೆ ಬಂದರು. ನಾನು ಕಳೆದುಕೊಂಡದ್ದಕ್ಕಿಂತ ದೊಡ್ಡ ಮೀಸೆ. ಇವಳೊಬ್ಬಳನ್ನು ಎದುರಿಗೆ ನಿಂತು ಕೇಳಬೇಕು ಸ್ವಾಮಿ ಎಂದು ಬಾಗಿಲಲ್ಲೇ ಹೇಳಿದೆ. "ಹೂಂ ಹೂಂ" ಎಂದರು. ಉಕ್ತಲೇಖನಕ್ಕೆ ಮಕ್ಕಳ ಬೆನ್ನ ಹಿಂದೆ ಹೋಗಿ, ಅತ್ತಿಂದಿತ್ತ ನಡೆಯುತ್ತ ಹೇಳತೊಡಗಿದರು, ಕಾಪಿ ಹೊಡೆಯದಿರಲಿ ಎಂದು. ದುರುಗಮ್ಮ ಬಳಪದ ಕಡ್ಡಿ ಹಿಡಿದು ನನ್ನ ಮುಖ ನೋಡಿದಳು.

ನಾನು ಬೋರ್ಡಿನ ಪಕ್ಕ ನಿಂತು, ಅವರು ಹೇಳಿದ್ದನ್ನೆಲ್ಲ ಸದ್ದಿಲ್ಲದೆ ತುಟಿಯಲ್ಲಿ ಹೇಳಿದೆ. ಹುಡುಗಿ ಬರೆಯತೊಡಗಿದಳು. ನಾಲ್ಕನೆಯ ವಾಕ್ಯಕ್ಕೆ ಅವರು ನೋಡಿಬಿಟ್ಟರು. "ಏನ್ರೀ, ನನ್ನ ಕಣ್ಣೆದುರೇ ಹೇಳಿಕೊಡ್ತೀರಾ? ಹೊರಗೆ ನಿಲ್ಲಿ" ಎಂದರು. ಮೂವತ್ತು ವರ್ಷ ಮಕ್ಕಳನ್ನು ನಿಲ್ಲಿಸಿದ ಜಾಗದಲ್ಲಿ ನಾನೇ ನಿಂತೆ. ಅಲ್ಲಿ ಚೌಡಮ್ಮ ಬುತ್ತಿಗಂಟು ಇಟ್ಟುಕೊಂಡು ಆಗಲೇ ಕೂತಿದ್ದಳು.

ಬಾಯಿಲೆಕ್ಕ ಶುರುವಾಯಿತು. ಇವಳ ಸರದಿ ಬಂದಾಗ ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡು ಕೇಳಿದರು. ಉತ್ತರವಿಲ್ಲ. ಇನ್ನೊಮ್ಮೆ ಕೇಳಿದರು. ಅವಳು ಎದ್ದು ಅವರ ಮುಂದೆ ಹೋಗಿ ನಿಂತು ಮುಖ ನೋಡಿದಳು. "ಇದೇನು ದಿಟ್ಟಿಸಿ ನೋಡೋದು? ಸೊಕ್ಕಿನ ಹುಡುಗಿ. ಫೇಲು" ಎಂದರು.

ಆ ಮಾತು ಕೇಳಿದ ಮೇಲೆ ನಾನು ಒಳಗೆ ಹೋದದ್ದು ನನಗೆ ನೆನಪಿಲ್ಲ. "ಸೊಕ್ಕಲ್ಲ ಸ್ವಾಮಿ, ಅವಳಿಗೆ ಕೇಳಾಕಿಲ್ಲ. ನಿಮಗೆ ಗೊತ್ತಾಗ್ತಿಲ್ಲ ಅಷ್ಟೆ. ಬಾಯಾಗಿರೋದನ್ನ ಉಗುಳಿ ಬಂದು ಈ ಕಡೆ ತಿರುಗಿ ಕೇಳ್ರಿ" ಎಂದೆನಂತೆ. ಮಂಡಿಯವರೆಗೆ ಕೇಳಿಸಿತಂತೆ. ಇನ್ಸ್‌ಪೆಕ್ಟರು ಕಿಟಕಿಗೆ ಹೋಗಿ ಉಗುಳಿ ಬಂದರು. ಬೆರಳಿಂದ ಮೀಸೆಯನ್ನು ಮೇಲಕ್ಕೆ ಒತ್ತಿ ಹಿಡಿದುಕೊಂಡು ಐದು ಲೆಕ್ಕ ಕೇಳಿದರು. ಐದಕ್ಕೂ ಉತ್ತರ. ನಡುವೆ ಒಮ್ಮೆ ಬೆರಳು ತುಟಿಗೆ ಅಡ್ಡ ಬಂದಾಗ, "ಕೈ ತೆಗೀರಿ" ಎಂದು ಅವರಿಗೇ ಗದರಿದಳು.

ಪಾಸು ಎಂದು ತಮ್ಮ ಕೈಯಾರೆ ಬರೆದರು. ಆಮೇಲೆ ವಿಸಿಟ್ ಪುಸ್ತಕ ತರಿಸಿ ನನ್ನ ಬಗ್ಗೆ ಒಂದು ಪುಟ ಬರೆದರು. ಎರಡೂ ನ್ಯಾಯವೇ, ನಾನು ಜಗಳಕ್ಕೆ ಹೋಗಲಿಲ್ಲ.

ಚೌಡಮ್ಮ ಗಂಟು ಬಿಚ್ಚಿ ಹುಡುಗಿಗೆ ರೊಟ್ಟಿ ಕೊಟ್ಟಳು. "ಇನ್ನೊಂದು ವರ್ಷ ಇರ್ಲಿ ಬಿಡ್ರಿ" ಎಂದು ನನ್ನ ಮುಖ ನೋಡದೆ ಹೇಳಿ, ಒಬ್ಬಳೇ ಬಸ್ಸು ಹತ್ತಿದಳು.

ನಾಗೇಂದ್ರಪ್ಪ


ಚನ್ನಗಿರಿ
19 ಮಾರ್ಚ್ 1944

ಚಿ. ಸಾವಂತ್ರಮ್ಮನಿಗೆ ಆಶೀರ್ವಾದ.

ಆರ್ಡರು ಬಂತು. ಸೂಳೆಕೆರೆಯ ಏರಿಯ ಕೆಳಗಿನ ಒಂದು ಹಳ್ಳಿಗೆ, ಒಬ್ಬನೇ ಮಾಸ್ತರಿರುವ ಶಾಲೆಗೆ ನನ್ನನ್ನು ಹಾಕಿದ್ದಾರೆ. ಮೀನು ಹಿಡಿಯುವವರ ಮಕ್ಕಳು ಹದಿಮೂರು ಜನ. ನಾಳಿದ್ದು ಹೊರಡುತ್ತೇನೆ. ಬೇಸರವಿಲ್ಲ ಎಂದರೆ ಸುಳ್ಳು.

ನನ್ನ ಜಾಗಕ್ಕೆ ಜಂಪಣ್ಣ ಎಂಬವನು ಬಂದಿದ್ದಾನೆ. ವಯಸ್ಸು ಮೂವತ್ತು, ಮೀಸೆ ಕೆನ್ನೆಯವರೆಗೆ. ಚಾರ್ಜು ಕೊಡುವಾಗ ದುರುಗಮ್ಮನ ವಿಷಯ ಅರ್ಧ ಗಂಟೆ ಹೇಳಿದೆ. ಎಲೆ ಅಗಿಯುತ್ತ ಕೇಳಿದ, ಎಲ್ಲ ಗೊತ್ತಾಯಿತು ಎಂದ. ಮಾರನೆಯ ದಿನ ಹೋಗಿ ನೋಡಿದರೆ ಅವಳು ಹಿಂದಿನ ಸಾಲಿನಲ್ಲಿದ್ದಾಳೆ.

ನಾಳಿದ್ದಿನಿಂದ ಈ ಊರಲ್ಲಿ ನಾನಿರುವುದಿಲ್ಲ. ನಿನಗೆ ಇನ್ನು ನೆಪವೂ ಇಲ್ಲ. ಬಂದು ನಿನ್ನ ಕೆಲಸ ಮಾಡು. ಮನೆಯ ಬೀಗದ ಕೈ ಗೋಣೆಪ್ಪನ ಹತ್ತಿರ ಕೊಟ್ಟಿರುತ್ತೇನೆ.

ನಾಗೇಂದ್ರಪ್ಪ


ಚನ್ನಗಿರಿ
5 ಏಪ್ರಿಲ್ 1944

ಅಪ್ಪಾ,

ಬಂದೆ.

ಜಂಪಣ್ಣನವರನ್ನು ಮೊದಲು ಹಿಂದಿನ ಸಾಲಿನಲ್ಲಿ ಕೂರಿಸಿದೆ. ಸೆರಗನ್ನು ಬಾಯಿಗೆ ಸುತ್ತಿಕೊಂಡು, ಬೋರ್ಡಿನ ಕಡೆ ತಿರುಗಿ, ಪಿಸುದನಿಯಲ್ಲಿ ಒಂದು ಲೆಕ್ಕ ಕೊಟ್ಟೆ. "ಏನಂದ್ರಿ?" ಎಂದರು. ಇನ್ನೊಮ್ಮೆ ಹಾಗೆಯೇ ಹೇಳಿದೆ. ಮೂರನೆಯ ಸಲಕ್ಕೆ ಅವರಿಗೆ ಸಿಟ್ಟು ಬಂತು. "ಇದೇನ್ರಿ, ಮನುಷ್ಯರಿಗೆ ತಿಳಿಯೋ ಹಂಗೆ ಹೇಳಾಕೆ ಏನ್ ಕಷ್ಟ?" ಎಂದರು. ಹೇಳಿ ಮುಗಿಸಿದ ಮೇಲೆ ಅವರಿಗೇ ನಾಚಿಕೆಯಾಯಿತು. ದುರುಗಮ್ಮ ಮುಂದಿನ ಸಾಲಿಗೆ ಬಂದಿದ್ದಾಳೆ, ಎಲೆ ನಿಂತಿದೆ. ಮೀಸೆಯ ಮಾತೆತ್ತಿದರೆ ಮನೆಯಲ್ಲಿ ತಂದೆ ಇನ್ನೂ ಬದುಕಿದ್ದಾರೆ ಎನ್ನುತ್ತಾರೆ. ಮುಂದಿನ ತಿಂಗಳು ಮತ್ತೆ ಬಂದು ಕೇಳುತ್ತೇನೆ, ಅದರ ಮುಂದಿನ ತಿಂಗಳೂ ಬರುತ್ತೇನೆ. ಇನ್ನು ಚನ್ನಗಿರಿಯನ್ನು ಅಂಚೆಯಲ್ಲಿ ಮಾಡುವುದಿಲ್ಲ.

ಮನೆಯ ಬೀಗ ತೆಗೆಯುವಾಗ ದುರುಗಮ್ಮ ಜೊತೆಯಲ್ಲಿದ್ದಳು. ಅಡಿಗೆಮನೆಯ ಹೊಸಿಲು ನೋಡಿ ನಾನು ನಿಂತುಬಿಟ್ಟೆ, ಅವ್ವ ಕೂತು ಅಕ್ಕಿ ಆರಿಸುತ್ತಿದ್ದ ಜಾಗ. ದುರುಗಮ್ಮ ನನ್ನ ಕೈ ಜಗ್ಗಿ, "ಮೇಷ್ಟ್ರು ಇದರ ಎದುರಿಗೇ ಕೂತ್ಕಂತಿದ್ರು ಅಕ್ಕಾರೆ. ಭಾನುವಾರ ನಾನು ಬರಿಯೋವಾಗ. ಮಾತಾಡ್ತಿದ್ರು" ಎಂದಳು.

"ಯಾರ ಜೊತೆ?"

"ಯಾರೂ ಇರ್ಲಿಲ್ಲ. ದನಿ ಮಾಡ್ತಿದ್ರೋ ಇಲ್ವೋ ನಂಗೆ ಗೊತ್ತಾಗಲ್ಲ. ತುಟಿ ಕಾಣ್ತಿತ್ತು."

"ಏನಂತಿದ್ರು?"

ಅವಳು ನಿಮ್ಮ ಹಾಗೆಯೇ ಹೊಸಿಲಿನ ಎದುರು ಕೂತು ಹೇಳಿ ತೋರಿಸಿದಳು. "ನಿಂಗೆ ಕೇಳಿಸ್ತಿರ್ಲಿಲ್ಲ ಅಂತ ನಂಗೆ ಗೊತ್ತಿರ್ಲಿಲ್ಲ ಕಣೇ. ಒಂದು ಮಾತು ಹೇಳಬಾರ್ದಿತ್ತಾ?" ಏರಿಳಿತವಿಲ್ಲದೆ, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಪ್ರತಿ ಭಾನುವಾರ ಅದನ್ನೇ ಹೇಳುತ್ತಿದ್ದಿರಂತೆ.

ಅಪ್ಪಾ, ನೀವು ಅವ್ವನನ್ನು ಕೇಳಿದಿರಿ. ಉತ್ತರ ಕೊಡಬೇಕಾದವಳು ನಾನು. ಅವ್ವ ಆಣೆ ಹಾಕಿಸಿದ್ದು ನಿಜ. ಆದರೆ ಆಣೆಗಾಗಿ ನಾನು ಸುಮ್ಮನಿರಲಿಲ್ಲ. ನಾಲ್ಕು ವರ್ಷ ಅದೇ ಮನೆಯಲ್ಲಿದ್ದೆ. ನೀವು ಅವಳನ್ನು ಬೈಯುವುದನ್ನು, ಆಮೇಲೆ ಮಾತೇ ಬಿಟ್ಟದ್ದನ್ನು ದಿನವೂ ನೋಡುತ್ತಿದ್ದೆ. ಬೈಯಲಿ, ಒಂದು ದಿನ ಗೊತ್ತಾದಾಗ ಸಂಕಟಪಡಲಿ ಎಂದು ಬಿಟ್ಟೆ. ನನಗೆ ಆ ಗಂಡನನ್ನು ತಂದ ಸಿಟ್ಟು ಅವ್ವನಿಗಿರಲಿಲ್ಲ, ನನಗಿತ್ತು. ಆ ಸಿಟ್ಟು ತೀರಿಸಿಕೊಳ್ಳಲು ಅವಳನ್ನು ಅಷ್ಟು ವರ್ಷ ಒಂಟಿಯಾಗಿ ಕೂರಿಸಿದೆ. ಊರೂರು ಸುತ್ತಿ, ಮಗುವಿನ ಕಡೆ ಮುಖ ಮಾಡಿ ಮಾತಾಡಿ ಎಂದು ಎಲ್ಲರಿಗೂ ಹೇಳುತ್ತೇನೆ. ನಮ್ಮ ಮನೆಯಲ್ಲಿ ಒಂದೇ ಒಂದು ಸಲ ಹೇಳಿದ್ದರೆ ನೀವು ಆಗಲೇ ಅವಳ ಕಡೆ ತಿರುಗುತ್ತಿದ್ದಿರಿ. ಅದು ನನಗೆ ಈಗ ಗೊತ್ತಾಗಿದೆ.

ಶನಿವಾರ ಗೋಣೆಪ್ಪನ ಗಾಡಿ ಸೂಳೆಕೆರೆಯ ಕಡೆ ಬರುತ್ತದೆ. ನಾನು ಅದರಲ್ಲಿ ಬರುತ್ತೇನೆ. ಇದಕ್ಕೆ ಉತ್ತರ ಬರೆಯಬೇಡಿ. ಎಷ್ಟು ಬೈಯಬೇಕೆನಿಸಿದರೂ ನಾನು ಬಂದ ಮೇಲೆ ಎದುರಿಗೆ ಕೂತು ಬೈಯಿರಿ.

ನಿಮ್ಮ ಮಗಳು
ಸಾವಂತ್ರಿ